ನಮ್ಮನೆ ಕೆಂಪಿ

ಮೊನ್ನೆ ನಮ್ಮ ನಾದಿನಿ ಬಂದು ಎರಡು ದಿನ ಇದ್ದು ಹೋದಳು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕ್ಕೋತಾ, "ಅತ್ತಿಗೆ, ನಿಮ್ಮ ಕೆಂಪಿ ಎಷ್ಟು ಸಾಧು ಅಲ್ವಾ? ಎರಡು ದಿನಕ್ಕೆ ಒಂದ್ಸಲನೂ ಬೊಗಳಿದ್ದು ಕೇಳಲಿಲ್ಲ. ನಂಗೂ ಇಂಥದ್ದೇ ಒಂದು ನೋಡಿ ಕೊಡಿ" ಅಂದಳು. ಹೂಂ ಅಂದು ಅವಳನ್ನ ಬಿ.ಎಚ್. ರೋಡಲ್ಲಿ ಬಸ್ಸಿಗೆ ಹತ್ತಿಸಿ ಬಂದೆ. ಆಮೇಲೆ ಪಾತ್ರೆ ತೊಳೀತಾ ಅದೇ ಯೋಚನೆ. ಬೊಗಳದೇ ಇರೋದು ಸಾಧುತನ ಅಂತ ಅವಳು ತಿಳ್ಕೊಂಡಿದಾಳೆ. ಕೆಂಪಿ ಯಾಕೆ ಬೊಗಳಲ್ಲ ಅಂತ ನಮ್ಮ ಬೀದಿಯೋರಿಗೆ ಗೊತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಟ್ಟು ಹೇಳಲ್ಲ. ನಾನೂ ಇಷ್ಟು ದಿನ ಹೇಳಿರಲಿಲ್ಲ.

ನಮ್ಮ ಮನೆ ಹಿಂದೆ ಒಂದು ಖಾಲಿ ಸೈಟು, ಅದರಾಚೆ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳು ಶುರು ಆಗ್ತವೆ. ಅದರಲ್ಲಿ ಮೊದಲನೇ ಶೆಡ್ಡಿನ ಗೇಟ್ ಹತ್ರ ಒಂದು ಕೆಂದು ಬಣ್ಣದ ಹೆಣ್ಣು ನಾಯಿ ಕಟ್ಟಿರೋರು. ಜಾತಿ ನಾಯಿ ಅಲ್ಲ, ನಮ್ಮ ನಾಡು ನಾಯಿನೇ. ಹಗಲೂ ರಾತ್ರಿ ಅಲ್ಲೇ. ಮಳೆ ಬಂದ್ರೆ ಒಂದು ಒಡೆದ ಡ್ರಮ್ಮು, ಬಿಸಿಲಾದ್ರೂ ಅದೇ ಡ್ರಮ್ಮು. ಸರಪಳಿ ಎರಡು ಮಾರೂ ಇರಲಿಲ್ಲ. ಅದು ಎಷ್ಟು ದೂರ ಸುತ್ತೋಕೆ ಆಗ್ತಿತ್ತೋ ಅಷ್ಟು ಗುಂಡಗೆ ಹುಲ್ಲು ಹುಟ್ಟದೆ ನೆಲ ಬೋಳಾಗಿತ್ತು. ರಂಗೋಲಿ ಹಾಕೋಕೆ ಸಾರಿಸಿದ ಹಂಗೆ.

ಕಾಯೋ ಮನುಷ್ಯ ಒಬ್ಬ ಇದ್ದ. ಸಂಜೆ ಏಳು, ಏಳೂಕಾಲಿಗೆ ಅವನು ಕುಡಿದು ಬರೋನು. ಬೊಗಳಿದರೆ ಹೊಡೆಯೋನು, ಬೊಗಳದೆ ಇದ್ರೆ ಕಳ್ಳ ಬಂದ್ರೂ ಸುಮ್ಮನಿರ್ತೀಯಾ ಅಂತ ಹೊಡೆಯೋನು. ನೀರಿನ ಪೈಪಿನ ತುಂಡು ಒಂದು ಇಟ್ಕೊಂಡಿದ್ದ. ಆ ನಾಯಿ ಕೂಗೋದು ಇದೆಯಲ್ಲ, ಅದನ್ನ ಬರೆಯೋಕೆ ನಂಗೆ ಬರಲ್ಲ. ನಿಮ್ಮಲ್ಲಿ ಎಷ್ಟೋ ಜನ ಕೇಳಿದೀರಿ. ನಾನಂತೂ ಎರಡು ವರ್ಷ ಕೇಳಿದೆ. ಧಾರಾವಾಹಿ ಶುರು ಆಗೋ ಹೊತ್ತು ಅದು. ಅಡುಗೆಮನೆ ಕಿಟಕಿ ಹಾಕಿ, ಟಿವಿ ಸೌಂಡು ಒಂಚೂರು ಜಾಸ್ತಿ ಮಾಡ್ತಿದ್ದೆ. ಅಷ್ಟೇ ನಾನು ಮಾಡಿದ್ದು.

ಒಂದೇ ಒಂದ್ಸಲ ಹೋಗಿ ಕೇಳಿದ್ದೆ, ಸುಳ್ಳು ಹೇಳಲ್ಲ. "ಯಾಕಪ್ಪ ಹಿಂಗ್ ಹೊಡೀತೀಯ, ಮೂಕಪ್ರಾಣಿ" ಅಂದೆ. "ಅಕ್ಕಾ, ನಿಮ್ಮನೆಗೆ ಕಳ್ಳ ಬಂದ್ರೂ ಇದೇ ಬೊಗಳಿ ಎಬ್ಬಿಸೋದು. ನಿಮ್ಮ ಒಳ್ಳೇದಕ್ಕೂ ಸೇರಿ ಟ್ರೈನಿಂಗು ಕೊಡ್ತಿದೀನಿ" ಅಂದ, ನಗ್ತಾ. ನಾನು ತಲೆ ತಗ್ಗಿಸಿ ವಾಪಸ್ ಬಂದೆ. ಬೇರೆಯೋರ ನಾಯಿ, ಬೇರೆಯೋರ ಶೆಡ್ಡು, ನಮಗ್ಯಾಕೆ ಅಂತ ಯಜಮಾನರೂ ಅಂದರು. ಹೂಂ ಅಂದುಕೊಂಡೆ. ಆ ಹೂಂ ಈಗ್ಲೂ ಗಂಟಲಲ್ಲಿ ಮುಳ್ಳಿನ ಹಂಗೆ ಇದೆ.

2021ರ ಲಾಕ್‌ಡೌನಲ್ಲಿ ಶೆಡ್ಡು ಮುಚ್ಚಿತು. ಮತ್ತೆ ತೆಗೀಲೇ ಇಲ್ಲ. ಆಗಸ್ಟ್ ಹೊತ್ತಿಗೆ ಆ ಮನುಷ್ಯನೂ ಗಂಟುಮೂಟೆ ಕಟ್ಟಿಕೊಂಡು ಹೋದ. ನಾಯಿನ ಬಿಚ್ಚಿ ಹೋದನಾ? ಇಲ್ಲ. ವೆಲ್ಡಿಂಗ್ ಶಾಪಿನ ಹುಡುಗರು ಗೇಟ್ ಸಂದಿಯಿಂದ ಅನ್ನ ಎಸೀತಿದ್ರಂತೆ. ಮಳೆ ನೀರು ಕುಡ್ಕೊಂಡು ಇತ್ತಂತೆ. ನನಗೆ ಇದು ಗೊತ್ತಾಗಿದ್ದೂ ಆಮೇಲೆ. ಕೂಗು ನಿಂತಿತ್ತಲ್ಲ, ಸದ್ಯ ನಾಯಿನೂ ಕರ್ಕೊಂಡು ಹೋದ ಅಂತ ನಾನು ನಿರಾಳವಾಗಿದ್ದೆ.

ಆವಾಗಲೇ ಗೌರಿ ಹಬ್ಬದ ಆಸುಪಾಸಲ್ಲಿ ಪೇಪರಲ್ಲಿ ಆ ಸುದ್ದಿ ಬಂತು. ನೆನಪಿದೆಯಲ್ಲ? ನಮ್ಮ ಭದ್ರಾವತಿ ತಾಲೂಕಿಂದೇ. ಕಂಬದಾಳು ಹೊಸೂರು ಕಡೆ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನ ಸಾಯಿಸಿ ಹೂತಿದಾರೆ ಅಂತ. ಪೊಲೀಸ್ ಕೇಸು ಆಯ್ತು, ಟಿವಿಯವರೆಲ್ಲ ಬಂದರು. ಬಾಗಿನ ಕೊಡೋಕೆ ಅಂತ ಒಬ್ಬರ ಮನೆಗೆ ಹೋದಾಗ ಅಲ್ಲೂ ಅದೇ ಮಾತು. ಒಬ್ಬರು ಅಯ್ಯೋ ಪಾಪ ಅಂದ್ರು. ಇನ್ನೊಬ್ಬರು, "ಪಾಪ ಎಂತದ್ದು, ನಮ್ಮ ಅಣ್ಣನ ಮಗೂಗೆ ಕೆನ್ನೆಗೇ ಕಚ್ಚಿತ್ತು, ಹನ್ನೊಂದು ಹೊಲಿಗೆ" ಅಂದರು. ಅವರ ಸಂಕಟನೂ ಸುಳ್ಳಲ್ಲ. ಮಗು ಮುಖ ನೋಡಿದ ತಾಯಿಗೆ ನಾಯಿ ಮೇಲೆ ದಯೆ ಇಡಿ ಅಂತ ಹೇಳೋಕೆ ನಾನ್ಯಾರು. ನಾನು ಬಾಯಿ ಮುಚ್ಕೊಂಡು ಕೋಸಂಬರಿ ತಿಂದೆ. ಅಷ್ಟೊತ್ತಿಗೆ ಅಲ್ಲೇ ಕೂತಿದ್ದ ಹುಡುಗಿ ಒಬ್ಬಳು, "ಆಂಟಿ, ನಿಮ್ಮನೆ ಹಿಂದಿನ ನಾಯಿ ಇನ್ನೂ ಬದುಕಿದೆಯಾ? ಅಣ್ಣ ಹೇಳ್ತಿದ್ದ, ಕತ್ತಲ್ಲಿ ಹುಳ ಆಗಿದೆ ಅಂತೆ" ಅಂತ ಕೇಳಿದಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಬ್ಬ ಮುಗಿದು ಗಣಪತಿ ಬಿಟ್ಟ ಮಾರನೇ ದಿನ ಮಿಕ್ಕ ಕಡುಬು ಕಟ್ಕೊಂಡು ಹೋದೆ. ಗೇಟ್ ಹತ್ರ ಹೋಗೋ ಮೊದಲೇ ವಾಸನೆ. ಕತ್ತಿಗೆ ಬೆಲ್ಟ್ ಇರಲಿಲ್ಲ, ಸರಪಳಿನೇ ಸುತ್ತಿ ಬೀಗ ಹಾಕಿದ್ದ. ಮರಿ ಇದ್ದಾಗ ಹಾಕಿದ್ದೋ ಏನೋ, ಕತ್ತು ಬೆಳೆದು ಸರಪಳಿ ಚರ್ಮದೊಳಗೆ ಹೂತು ಹೋಗಿತ್ತು. ನನ್ನ ನೋಡಿ ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ, ಕಣ್ಣು ಮುಚ್ಚಿ, ಮಲಗಿದಲ್ಲೇ ಉಚ್ಚೆ ಮಾಡಿಕೊಂಡಿತು. ಏಟು ಬೀಳುತ್ತೆ, ಬೀಳಲಿ ಅಂತ ಕಾಯ್ತಿತ್ತು.

ವೆಲ್ಡಿಂಗ್ ಶಾಪಿನ ಹುಡುಗ ಕಟರ್ ತಂದು ಸರಪಳಿ ತುಂಡು ಮಾಡಿದ. ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಓದೋ ಮಕ್ಕಳೇ ಮುಂದೆ ನಿಂತು ಮಾಡ್ತಾರೆ, ಮೇಷ್ಟ್ರುಗಳು ಹೇಳಿಕೊಡ್ತಾರೆ. ನಮ್ಮ ಮಗಳ ವಯಸ್ಸಿನ ಒಬ್ಬ ಹುಡುಗಿ ಬ್ಯಾಂಡೇಜ್ ಬಟ್ಟೆಯಲ್ಲೇ ಬಾಯಿ ಕಟ್ಟಿ, ಸರಪಳಿ ಬಿಡಿಸಿ, ಒಂದೊಂದೇ ಹುಳ ಚಿಮಟದಲ್ಲಿ ಹಿಡಿದು ತೆಗೆದಳು. ಒಂದೂವರೆ ಗಂಟೆ. ಎಣಿಸಬಾರದು ಅಂದುಕೊಂಡರೂ ನಾನು ಎಣಿಸ್ತಾ ಇದ್ದೆ, ಮೂವತ್ತಾದ ಮೇಲೆ ಬಿಟ್ಟೆ. ಹಲ್ಲು ನೋಡಿ ನಾಲ್ಕು ವರ್ಷ ಇರಬಹುದು ಅಂದಳು. ಉಣುಗಿಗೆ ಔಷಧ, ಜಂತುಹುಳಕ್ಕೆ ಮಾತ್ರೆ, ರೇಬೀಸ್ ಇಂಜೆಕ್ಷನ್ನು. ಗಾಯಕ್ಕೆ ಹಚ್ಚೋಕೆ ಸ್ಪ್ರೇ ಕೊಟ್ಟಳು. "ಆಂಟಿ, ನಿಮ್ಮ ನಾಯಿ ಹೆಸರೇನು, ಚೀಟಿಗೆ ಬರೀಬೇಕು" ಅಂದಳು. ನಮ್ಮ ನಾಯಿ ಅಲ್ಲಮ್ಮ ಅನ್ನೋಕೆ ಬಾಯಿ ತೆಗೆದೆ, ಮುಚ್ಚಿದೆ. ಗೌರಿ ಹಬ್ಬ ಈಗಷ್ಟೇ ಆಗಿತ್ತಲ್ಲ, ಗೌರಿ ಅಂತ ಬರೆಸಿಬಿಟ್ಟೆ.

ಮನೇಲಿ ನಮ್ಮತ್ತೆ ಅದಕ್ಕೇ ಮೊದಲು ಜಗಳ ತೆಗೆದರು. ನಾಯಿ ತಂದಿದ್ದಕ್ಕಲ್ಲ, ಹೆಸರಿಗೆ. "ದೇವರ ಹೆಸರು ಇಟ್ಟು ಹಚಾ ಅನ್ನೋಕಾಗುತ್ತೇನೇ?" ಅಂದ್ರು. ಆ ಮಾತು ನಿಜನೇ. ಕೆಂಪಗಿದೆ, ಕೆಂಪಿ ಅನ್ನಿ ಅಂತ ಅವರೇ ಹೇಳಿದರು. ಹಂಗಾಗಿ ಆಸ್ಪತ್ರೆ ಚೀಟಿಯಲ್ಲಿ ಇವತ್ತಿಗೂ ಗೌರಿ, ಮನೇಲಿ ಕೆಂಪಿ.

ಯಜಮಾನರು ಸಂಜೆ ಬಂದು ಹಿತ್ತಿಲು ನೋಡಿ ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ, "ಗಾಯ ಮಾಗೋವರೆಗೆ" ಅಂದ್ರು. ನಾನು ಆಯ್ತು ಅಂದೆ.

ಊಟದ್ದೇ ಒಂದು ಕತೆ. ಡೈರಿ ಊರೋರು ನಾವು, ಹಾಲು ಹಾಕದೆ ಇರೋಕಾಗುತ್ತಾ? ದೊಡ್ಡ ಬಟ್ಟಲಲ್ಲಿ ಹಾಲನ್ನ ಕಲಸಿ ಇಟ್ಟೆ. ಮಾರನೇ ದಿನ ಹೊಟ್ಟೆ ಕೆಟ್ಟು ಹಿತ್ತಿಲೆಲ್ಲ ರಾಡಿ. ಡಾಕ್ಟರ್ ಹುಡುಗಿಗೆ ಫೋನ್ ಮಾಡಿದ್ರೆ, ಬೆಳೆದ ನಾಯಿಗಳಿಗೆ ಎಷ್ಟೋ ಸಲ ಹಾಲು ಜೀರ್ಣ ಆಗಲ್ಲ, ಮೊಸರನ್ನ ಕೊಡಿ, ಬೇಯಿಸಿದ ಮೊಟ್ಟೆ ಕೊಡಿ ಅಂದಳು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಮಾತ್ರ ಬೇಡವೇ ಬೇಡ, ಅವು ನಾಯಿಗೆ ವಿಷ ಅಂದಳು. ಮಿಕ್ಕಿದ ಸಾರು ಹಾಕಿದ್ರಾಯ್ತು ಅಂದ್ಕೊಂಡಿದ್ದೆ ನೋಡಿ, ನಮ್ಮ ಸಾರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಆಗುತ್ತಾ? ನಮ್ಮನೇಲಿ ಮೊಟ್ಟೆ ಒಳಗೆ ಬಂದಿದ್ದಿಲ್ಲ. ಐವತ್ತೆರಡನೇ ವಯಸ್ಸಿಗೆ ನಾನು ಮೊದಲನೇ ಸಲ ಅಂಗಡಿಗೆ ಹೋಗಿ, ಅಕ್ಕಪಕ್ಕ ನೋಡಿ, ಅರ್ಧ ಡಜನ್ ಮೊಟ್ಟೆ ತಗೊಂಡೆ. ಹಿತ್ತಿಲಲ್ಲಿ ನೀರು ಕಾಯಿಸೋ ಒಲೆ ಮೇಲೆ, ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದ್ದು. ಎಷ್ಟು ಹೊತ್ತು ಬೇಯಿಸ್ಬೇಕು ಅಂತ ಗೊತ್ತಿಲ್ಲದೆ ಮುಕ್ಕಾಲು ಗಂಟೆ ಕುದಿಸಿದೆ. ಅತ್ತೆ ಮೂಗಿಗೆ ಸೆರಗು ಹಿಡ್ಕೊಂಡು ದೇವರಮನೆ ಬಾಗಿಲು ಹಾಕ್ಕೊಂಡರು.

ಆದರೆ ತಿನ್ನಬೇಕಲ್ಲ. ಸೌದೆ ಕೊಟ್ಟಿಗೆ ಮೂಲೆ ಸೇರಿದ್ದು ಹೊರಗೆ ಬರ್ತಿರಲಿಲ್ಲ. ಬಟ್ಟಲು ಇಟ್ಟು, ನಾನು ಒಳಗೆ ಹೋಗಿ, ಬಾಗಿಲು ಹಾಕಿ, ಚಿಲಕದ ಸದ್ದು ಕೇಳಿದ ಮೇಲೇ ತಿನ್ನೋದು. ನನಗೆ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ನಾವು ಅದನ್ನ ಕಟ್ಟಿರಲಿಲ್ಲ. ಕಾಂಪೌಂಡ್ ಇದೆ, ಗೇಟ್ ಇದೆ, ಓಡಾಡ್ಕೊಂಡಿರಲಿ ಅಂತ ಬಿಟ್ಟಿದ್ವಿ. ಅದು ಕೊಟ್ಟಿಗೆಯಿಂದ ಹೊರಗೆ ಬರೋದು, ಎರಡು ಮಾರು ನಡೆಯೋದು, ಅಲ್ಲಿ ಏನೋ ತಡೆದ ಹಂಗೆ ನಿಂತು ತಿರುಗೋದು. ಸುತ್ತು ಹಾಕೋದು, ಮತ್ತೆ ಅಷ್ಟೇ ದೂರ. ಕತ್ತಲ್ಲಿ ಸರಪಳಿ ಇಲ್ಲ, ಬ್ಯಾಂಡೇಜ್ ಇದೆ ಅಷ್ಟೇ. ಕಾಗೆ ಬಂದು ಬಟ್ಟಲ ಅನ್ನ ಎಳೆದು ಮೂರು ಮಾರು ಆಚೆ ಹಾಕಿದ್ರೆ, ನೋಡ್ತಾ ನಿಂತಿರೋದು, ಹೋಗಿ ತಿನ್ನುತ್ತಿರಲಿಲ್ಲ.

ಒಂಬತ್ತನೇ ದಿನ ನನಗೆ ಕಚ್ಚಿತು.

ಇದನ್ನ ಸರಿಯಾಗಿ ಹೇಳ್ತೀನಿ, ಯಾಕಂದ್ರೆ ಆಮೇಲೆ ಬೀದಿಯಲ್ಲಿ "ಸಾಕಿದ ಕೈಗೇ ಕಚ್ಚಿತು" ಅಂತ ಮಾತಾಯ್ತು. ಬೆಳಿಗ್ಗೆ ಆರು ಗಂಟೆ. ಹಿತ್ತಿಲು ಗುಡಿಸೋಕೆ ಕಡ್ಡಿ ಪೊರಕೆ ತಗೊಂಡೆ. ನಾವೆಲ್ಲ ಏನ್ ಮಾಡ್ತೀವಿ? ಕಡ್ಡಿ ಸರಿ ಆಗಲಿ ಅಂತ ಪೊರಕೆ ಬುಡನ ಅಂಗೈಗೆ ಟಪ್ ಟಪ್ ಅಂತ ಕುಟ್ಟಿಕೊಳ್ತೀವಲ್ಲ, ಹಂಗೆ ಕುಟ್ಟಿದೆ. ಮಲಗಿದ್ದ ಕೆಂಪಿ ಬೆಚ್ಚಿಬಿದ್ದು ಎದ್ದು, ಗೋಡೆಗೆ ಬೆನ್ನು ಹಚ್ಚಿ ನಡುಗೋಕೆ ಶುರು ಮಾಡಿತು. ಅಯ್ಯೋ ಇಲ್ಲ ಕಣೆ, ನಿಂಗಲ್ಲ ಕಣೆ ಅಂತ ನಾನು ಸಮಾಧಾನ ಮಾಡೋಕೆ ಹೋಗಿ ತಲೆ ಸವರೋಕೆ ಕೈ ಚಾಚಿದೆ. ಎಡಗೈಯಲ್ಲಿ ಪೊರಕೆ ಹಂಗೇ ಇದೆ! ಅದಕ್ಕೆ ಓಡೋಕೆ ಜಾಗ ಇಲ್ಲ, ಮೇಲಿಂದ ಒಂದು ಕೈ ಬರ್ತಾ ಇದೆ. ಬಲಗೈ ಹೆಬ್ಬೆರಳ ಬುಡಕ್ಕೆ ಹಲ್ಲು ಇಳೀತು. ಕಚ್ಚಿದ್ದೇ ಬಿಟ್ಟು, ಮತ್ತೆ ನೆಲಕ್ಕೆ ಹೊಟ್ಟೆ ಹಚ್ಚಿ ಕಣ್ಣು ಮುಚ್ಚಿತು. ಅದೇ, ಏಟಿಗೆ ಕಾಯೋ ಮುಖ.

ಪಕ್ಕದ ಮನೆಯೋರು ಓಡಿಬಂದು ಸುಣ್ಣ ಹಚ್ಚಿ ಅಂದ್ರು, ಒಬ್ಬರು ಖಾರದಪುಡಿ ಅಂದ್ರು. ದಯವಿಟ್ಟು ಅದ್ಯಾವುದನ್ನೂ ಮಾಡಬೇಡಿ. ನಲ್ಲಿ ಕೆಳಗೆ ಕೈ ಇಟ್ಟು, ಸೋಪು ಹಚ್ಚಿ, ಹದಿನೈದು ನಿಮಿಷ ತೊಳೀಬೇಕು. ಗಡಿಯಾರ ನೋಡಿ ಹದಿನೈದು ನಿಮಿಷ. ರೇಬೀಸ್ ಬಂದ ಮೇಲೆ ಔಷಧ ಇಲ್ಲ, ಬರದ ಹಾಗೆ ಮಾತ್ರ ತಡೀಬಹುದು. ಯಜಮಾನರು ನನ್ನನ್ನ ಸ್ಕೂಟರ್ ಮೇಲೆ ಕೂರಿಸಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ದಾರಿಯುದ್ದಕ್ಕೂ ಒಂದೇ ಮಾತು: "ಸಂಜೆನೇ ಅದನ್ನ ಕಾಡಿಗೆ ಬಿಟ್ಟು ಬರ್ತೀನಿ. ಇನ್ನು ಮಾತಿಲ್ಲ." ನಾನೂ ಎದುರು ಹೇಳಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಅವತ್ತು ಸಾಕಾಗಿತ್ತು. ಕೈ ನೋವು, ಜನರ ಮಾತು, ಅತ್ತೆ ಮುಖ. ಬಿಟ್ಟು ಬರಲಿ, ನನ್ನ ಕೈಲಾದಷ್ಟು ಮಾಡಿದೆ ಅಂದ್ಕೊಂಡೆ.

ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಇಂಜೆಕ್ಷನ್ ಕೊಟ್ಟರು, ಎರಡೂ ತೋಳಿಗೆ ಒಂದೊಂದು ಕೊಟ್ಟರು. ಅವತ್ತಿಂದು ಬಿಟ್ಟು 3, 7, 28ನೇ ದಿನ ಬರಬೇಕು ಅಂತ ಚೀಟಿ ಬರೆದರು. ಆಮೇಲೆ ಡಾಕ್ಟರು ಕೇಳಿದ್ರು, "ನಾಯಿ ಎಲ್ಲಿದೆ?"

"ಮನೇಲಿದೆ ಸಾರ್. ಇವತ್ತೇ ಬಿಟ್ಟು ಬರ್ತೀವಿ" ಅಂದ್ರು ಯಜಮಾನರು.

"ಎಲ್ಲಿಗೂ ಬಿಡಬೇಡಿ. ಹತ್ತು ದಿನ ಕಣ್ಣೆದುರಿಗೆ ಇಟ್ಕೊಳ್ಳಿ. ಹತ್ತು ದಿನ ಅದು ಚೆನ್ನಾಗಿದ್ರೆ ನಿಮ್ಮೆಜಮಾನ್ತಿಗೂ ಭಯ ಇಲ್ಲ ಅಂತ ಅರ್ಥ. ಓಡಿಸಿಬಿಟ್ರೆ ಹೆಂಗ್ರೀ ಗೊತ್ತಾಗೋದು?"

ಹಿಂಗೆ ಹತ್ತು ದಿನ ಸಿಕ್ಕಿತು. ಆ ಡಾಕ್ಟರು ನನಗೋಸ್ಕರ ಹೇಳಿದ್ದು, ಕೆಂಪಿಗೆ ಉಪಯೋಗ ಆಯ್ತು.

ಬ್ಯಾಂಡೇಜ್ ಬದಲಾಯಿಸೋಕೆ ಹೋದಾಗ ಪಶು ಆಸ್ಪತ್ರೆ ಹುಡುಗಿ ಹತ್ರ ಅಳ್ತಾ ಎಲ್ಲ ಹೇಳಿದೆ. ಅವಳು ಹೇಳಿದ್ದು ಇಷ್ಟು: ಎದುರಿಗೆ ನಿಲ್ಲಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಬಗ್ಗಿ ಮೇಲಿಂದ ಕೈ ತರಬೇಡಿ. ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ. ಅದೇ ಬರಬೇಕು, ನೀವು ಹೋಗಬಾರದು. ದಿನಾ ಅದೇ ಹೊತ್ತು, ಅದೇ ಜಾಗ. ನಂಗೆ ಕೆಲಸ ಇಲ್ಲದೆ ಸುಮ್ನೆ ಕೂರೋಕೆ ಬರಲ್ಲ ಅಂದೆ. "ಕೆಲಸ ತಗೊಂಡೇ ಕೂತ್ಕೊಳ್ಳಿ ಆಂಟಿ, ಇನ್ನೂ ಒಳ್ಳೇದು" ಅಂದಳು.

ಸಂಜೆ ಏಳು ಗಂಟೆ ಆರಿಸಿಕೊಂಡೆ. ಯಾಕೆ ಅಂತ ನಿಮಗೆ ಗೊತ್ತಾಗಿರುತ್ತೆ. ಧಾರಾವಾಹಿ ಬಿಟ್ಟೆ. ಹಿತ್ತಿಲ ಕಟ್ಟೆ ಮೇಲೆ ಕೊಟ್ಟಿಗೆಗೆ ಬೆನ್ನು ಮಾಡಿ ಕೂತು ಹೂಬತ್ತಿ ಮಾಡೋಕೆ ಶುರು ಮಾಡಿದೆ. ಬಲಗೈ ಹೆಬ್ಬೆರಳಿಗೆ ಪಟ್ಟಿ, ಬತ್ತಿ ಸೊಟ್ಟ ಸೊಟ್ಟ ಬರ್ತಿದ್ವು. ಬಾಯಿ ಸುಮ್ಮನಿರಬೇಕಲ್ಲ, ಮಾತಾಡ್ತಿದ್ದೆ. ಅಕ್ಕಿ ರೇಟು, ಮಗಳ ಮದುವೆ ವಿಚಾರ, ಅತ್ತೆ ಮಂಡಿನೋವು. ಆರಂಭದ ನಾಲ್ಕು ದಿನ ಹಿಂದೆ ಏನೂ ಅಲುಗಲಿಲ್ಲ. ಐದನೇ ದಿನ ಒಣಗಿದ ಎಲೆ ಸದ್ದಾಯ್ತು, ಹತ್ತಿರ ಬಂದು ಹೋಯ್ತು. ಏಳನೇ ದಿನ ಮಾತು ಮುಗಿದುಹೋಗಿ, ಯಾವುದೋ ಹೊತ್ತಲ್ಲಿ ನಾನು ಹೇಳಿಬಿಟ್ಟೆ: "ನಂಗೆ ಕೇಳಿಸ್ತಿತ್ತು ಕಣೆ. ಎರಡು ವರ್ಷನೂ ಕೇಳಿಸ್ತಿತ್ತು. ನಾನು ಕಿಟಕಿ ಹಾಕ್ಕೋತಿದ್ದೆ." ನಾಯಿಗೆ ಅರ್ಥ ಆಗುತ್ತೆ ಅಂತ ಅಲ್ಲ. ಅವತ್ತಿನವರೆಗೆ ಅದನ್ನ ಯಾರ ಹತ್ರನೂ ಹೇಳಿರಲಿಲ್ಲ, ಯಜಮಾನರ ಹತ್ರ ಕೂಡ.

ಎಂಟನೇ ದಿನ ಬೆನ್ನಿಗೆ ಏನೋ ಒದ್ದೆ ತಾಗಿತು. ಮೂಗು. ನಾನು ತಿರುಗಲಿಲ್ಲ, ಉಸಿರೂ ಬಿಡಲಿಲ್ಲ. ಆಮೇಲೆ ನಿಧಾನಕ್ಕೆ ಗದ್ದ ತಂದು ಸೆರಗಿನ ಮೇಲೆ ಇಟ್ಟಳು. ಒಂದು ನಿಮಿಷನೋ ಎರಡು ನಿಮಿಷನೋ. ಎಷ್ಟು ಭಾರ ಅಂತೀರಿ! ಅಷ್ಟು ಭಾರ ಒಂದು ತಲೆಗೆ ಇರುತ್ತೆ ಅಂತ ನಂಗೆ ಗೊತ್ತಿರಲಿಲ್ಲ.

ಹತ್ತನೇ ದಿನ ರಾತ್ರಿ ಊಟ ಬಡಿಸುವಾಗ ನಾನೇ ಮಾತು ತೆಗೆದೆ, "ಹತ್ತು ದಿನ ಆಯ್ತು" ಅಂತ. ಯಜಮಾನರು ಅನ್ನಕ್ಕೆ ಗುಂಡಿ ಮಾಡ್ತಾ, "ಹತ್ತು ಅಂದ್ರೆ ಕಚ್ಚಿದ ದಿನ ಸೇರಿಸಿನೋ ಬಿಟ್ಟೋ?" ಅಂದ್ರು. "ಬಿಟ್ಟು ಇರಬಹುದು" ಅಂದೆ. "ಹಂಗಾದ್ರೆ ನಾಳೆ ನೋಡೋಣ, ಸಾರು ಹಾಕು" ಅಂದ್ರು. ಆ ನಾಳೆ ಇನ್ನೂ ಬಂದಿಲ್ಲ.

ಅವರ ಬಗ್ಗೆ ಇನ್ನೊಂದು ಹೇಳಬೇಕು. ಬೆಳಿಗ್ಗೆ ಗಿಡಕ್ಕೆ ನೀರು ಹಾಕೋದು ಅವರ ಕೆಲಸ. ಹಸಿರು ಪೈಪ್ ಎಳ್ಕೊಂಡು ನಿಂತ್ರೆ ಅರ್ಧ ಗಂಟೆ. ಪೈಪ್ ಕೈಯಲ್ಲಿ ಹಿಡಿದ ತಕ್ಷಣ ಕೆಂಪಿ ಎಲ್ಲಿದ್ದಳೋ ಅಲ್ಲೇ ಉಚ್ಚೆ ಮಾಡ್ಕೊಂಡು ಕುಸಿದು ಬೀಳೋಳು. ನಾಲ್ಕೈದು ದಿನ ನೋಡಿದ್ರು. ಒಂದು ಭಾನುವಾರ ಪೈಪ್ ಸುತ್ತಿ ಅಟ್ಟದ ಮೇಲೆ ಹಾಕಿದ್ರು. ಅವತ್ತಿಂದ ಬಕೆಟ್‌ನಲ್ಲಿ ನೀರು ಹೊತ್ತು ಹಾಕ್ತಾರೆ. ಎರಡು ಮಾವು, ಆರು ತೆಂಗು, ನನ್ನ ಹೂವಿನ ಗಿಡಗಳು ಬೇರೆ. ಸೊಂಟ ಹಿಡ್ಕೊಂಡಾಗ ಬೈಕೋತಾರೆ, ಆದ್ರೆ ಪೈಪ್ ಇಳಿಸಿಲ್ಲ. ನಾನೂ ಆ ಪೊರಕೆ ಕುಟ್ಟೋ ಅಭ್ಯಾಸ ಬಿಟ್ಟೆ. ನಲವತ್ತು ವರ್ಷದ ಅಭ್ಯಾಸ, ಬಿಡೋದು ಸುಲಭ ಇರಲಿಲ್ಲ. ಈಗ ಮಗಳ ಮನೆಗೆ ಬೆಂಗಳೂರಿಗೆ ಹೋದ್ರೂ ಪೊರಕೆನ ಮೆಲ್ಲಗೆ ನೆಲಕ್ಕೆ ಒತ್ತಿ ಸರಿ ಮಾಡ್ಕೋತೀನಿ.

ಆ ವರ್ಷದ ದೀಪಾವಳಿ ಕಷ್ಟದಲ್ಲಿ ಕಳೀತು, ಮಂಚದ ಕೆಳಗೆ ಇಬ್ಬರೂ. ಡಿಸೆಂಬರ್‌ನಲ್ಲಿ ಮರಿ ಆಗದ ಹಂಗೆ ಆಪರೇಷನ್ ಮಾಡಿಸಿದ್ವಿ.

2022ರ ಜೂನ್‌ನಲ್ಲಿ ಮಗಳು ಬಂದಾಗ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ '777 ಚಾರ್ಲಿ' ತೋರಿಸಿದಳು. ರಕ್ಷಿತ್ ಶೆಟ್ಟಿದು, ಕಿರಣ್‌ರಾಜ್ ಅವರ ನಿರ್ದೇಶನ. ಅದರಲ್ಲೂ ಹಿಂಸೆ ತಾಳಲಾರದೆ ಓಡಿಬಂದ ನಾಯಿ ಒಬ್ಬ ಒಂಟಿ ಮನುಷ್ಯನ ಮನೆ ಸೇರೋದು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ನೋಡಿ ಅತ್ತಿದ್ದು ಪೇಪರಲ್ಲಿ ಬಂದಿತ್ತಲ್ಲ. ನಾನೂ ಅತ್ತೆ, ಸೆರಗೆಲ್ಲ ಒದ್ದೆ. ಆದರೆ ಬಸ್ಸಲ್ಲಿ ಬರ್ತಾ ಮಗಳಿಗೆ ಹೇಳಿದೆ, "ಚೆನ್ನಾಗಿದೆ ಕಣೆ, ಆದ್ರೆ ಆ ನಾಯಿ ಬೇಗ ನಗೋಕೆ ಶುರು ಮಾಡುತ್ತೆ." ನಮ್ಮ ಕೆಂಪಿ ಬಂದು ಒಂಬತ್ತು ತಿಂಗಳಾಗಿತ್ತು, ಆಗಲೂ ಬಾಲ ಕಾಲ ಸಂದಿಯಲ್ಲೇ ಇತ್ತು. ಕಾಲೇಜಲ್ಲಿದ್ದಾಗ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದ್ದೆ, ನಮ್ಮ ಜಿಲ್ಲೆ ಕತೆ ಅಂತ. ಅದರಲ್ಲಿ ನಾಯಿಗುತ್ತಿ, ಅವನ ಹುಲಿಯ. ಆ ನಾಯಿಗಿರೋ ಗತ್ತು ಓದಿ, ನಾಯಿ ಅಂದ್ರೆ ಹಂಗೇ ಇರುತ್ತೆ ಅಂದ್ಕೊಂಡಿದ್ದೆ. ಯಾರೂ ಮುರಿಯದೆ ಬೆಳೆದ ನಾಯಿ ಹಂಗಿರುತ್ತೇನೋ. ನಮ್ಮದಕ್ಕೆ ಆ ಎರಡು ಮಾರಿನ ಗೆರೆ ದಾಟೋಕೇ ಮಳೆಗಾಲ ಬಂದು ಹೋಯ್ತು. ಅವಳು ಅದನ್ನ ದಾಟಿದ್ದನ್ನ ನಾನು ನೋಡಲೂ ಇಲ್ಲ. ಒಂದು ಬೆಳಿಗ್ಗೆ ತುಳಸಿಕಟ್ಟೆ ಹತ್ರ ಮಲಗಿದ್ದಳು ಅಷ್ಟೇ.

ಮೊದಲನೇ ಸಲ ಬೊಗಳಿದ್ದು ಬಂದು ಹದಿನಾಲ್ಕು ತಿಂಗಳಾದ ಮೇಲೆ. ಕೋತಿಗೆ. ಪರಂಗಿ ಮರಕ್ಕೆ ಕೋತಿ ಹಿಂಡು ಬಂದು ಕೂತಿದ್ದವು. ನಮ್ಮತ್ತೆ ಕೋಲು ಹಿಡ್ಕೊಂಡು ಹುಶ್ ಹುಶ್ ಅಂತಿದ್ರು, ಒಂದು ಗಡವ ಅವರಿಗೇ ಹಲ್ಲು ಕಿರೀತಾ ಇತ್ತು. ಎಲ್ಲಿಂದಲೋ ಬಂದಳು ನೋಡಿ, ಒಂದೇ ಒಂದು ಸಲ, "ಭೌ!" ಅಂತ. ದನಿ ಒಡೆದು, ಗಂಡುಮಕ್ಕಳಿಗೆ ಗಂಟಲು ಒಡೆಯುತ್ತಲ್ಲ ಹಂಗಿತ್ತು. ಕೋತಿಗಳು ದಿಕ್ಕಾಪಾಲು. ಅವಳಿಗೇ ಗಾಬರಿ. ಓಡಿಹೋಗಿ ಕೊಟ್ಟಿಗೆ ಸೇರಿ, ನೆಲಕ್ಕೆ ಹೊಟ್ಟೆ ಹಚ್ಚಿ ಕಣ್ಣು ಮುಚ್ಚಿದಳು. ಬೊಗಳಿದ್ದಕ್ಕೆ ಈಗ ಬೀಳುತ್ತೆ ಅಂತ. ಅತ್ತೆ ಕೋಲು ಅಲ್ಲೇ ಬಿಸಾಡಿ, ಮಂಡಿನೋವು ಮರೆತು ಕೊಟ್ಟಿಗೆವರೆಗೆ ಹೋದರು. ಒಳಗೆ ಹೋಗಲಿಲ್ಲ, ಮಡಿ ಅಲ್ವಾ. ಬಾಗಿಲಲ್ಲೇ ನಿಂತು, "ಹಂಗೇ ಬೊಗಳಬೇಕು ಕಣೆ! ಇನ್ನೊಂದ್ಸಲ ಬೊಗಳು! ಹಾಳಾದ್ದು ಎರಡು ವರ್ಷದಿಂದ ಒಂದು ಹಣ್ಣು ಬಿಟ್ಟಿಲ್ಲ" ಅಂತ ಕೂಗಿದರು. ಅವತ್ತು ಸಂಜೆ ದೋಸೆ ಹೊಯ್ದಾಗ, ಮೊದಲನೇ ದೋಸೆ ಯಾವಾಗಲೂ ಹರಿಯುತ್ತಲ್ಲ, ಅದನ್ನ ತಟ್ಟೆಗೆ ಹಾಕಿಸ್ಕೊಂಡು ಹಿತ್ತಿಲಿಗೆ ಹೋದ್ರು. ಅತ್ತೆ ಹೋದ ವರ್ಷ ತೀರಿಕೊಳ್ಳೋವರೆಗೆ ಆ ಹರಿದ ದೋಸೆ ಕೆಂಪಿದೇ. ಮುಟ್ಟಲಿಲ್ಲ ಒಂದು ದಿನನೂ. ಆದರೆ ಕೊನೇ ತಿಂಗಳು ಮಂಚ ಹಿಡಿದಾಗ, ಕಿಟಕಿ ಹೊರಗೆ ಕೆಂಪಿ ಮಲಗಿರೋಳು, ಒಳಗೆ ಇವರು. "ಇದ್ದಾಳೇನೇ?" ಅಂತ ದಿನಕ್ಕೆ ನಾಲ್ಕು ಸಲ ಕೇಳೋರು.

ಈಗಲೂ ವರ್ಷಕ್ಕೆ ಐದಾರು ಸಲ ಬೊಗಳಿದರೆ ಹೆಚ್ಚು. ನಾದಿನಿ ಅದನ್ನೇ ಸಾಧು ಅಂದಿದ್ದು. ವಯಸ್ಸು ಎಂಟು ದಾಟಿದೆ, ಮೂತಿ ಬೆಳ್ಳಗಾಗಿದೆ. ಕತ್ತಿನ ಸುತ್ತ ಕೂದಲು ಬರಲೇ ಇಲ್ಲ, ಆ ಗುರುತು ಹಂಗೇ ಇದೆ, ಬೆಲ್ಟ್ ಹಾಕೋಕೆ ನಂಗೆ ಮನಸ್ಸಾಗಲ್ಲ. ವರ್ಷಕ್ಕೊಂದು ರೇಬೀಸ್ ಇಂಜೆಕ್ಷನ್ ತಪ್ಪಿಸಲ್ಲ. ಹೊಸಬರು ಯಾರಾದ್ರೂ ಹೆಲ್ಮೆಟ್ ಹಾಕ್ಕೊಂಡು ಬಂದ್ರೆ ಇವತ್ತಿಗೂ ಕೊಟ್ಟಿಗೆ ಸೇರ್ತಾಳೆ. ಪೂರ್ತಿ ಸರಿ ಹೋಗ್ತಾಳೆ ಅಂತ ನಾನು ಕಾಯ್ತಾ ಇಲ್ಲ. ಸಂಜೆ ಏಳಕ್ಕೆ ಕಟ್ಟೆ ಮೇಲೆ ಕೂರ್ತೀನಿ, ಬಂದು ಬೆನ್ನಿಗೆ ಬೆನ್ನು ಹಚ್ಚಿ ಮಲಗ್ತಾಳೆ. ಎದುರಿಗೆ ಬಂದು ಮಡಿಲಲ್ಲಿ ತಲೆ ಇಟ್ಟಿದ್ದು ಈ ನಾಲ್ಕು ವರ್ಷದಲ್ಲಿ ಎರಡೇ ಸಲ. ಒಂದು ದೀಪಾವಳಿ ರಾತ್ರಿ, ಇನ್ನೊಂದು ಅತ್ತೆ ಹೋದ ದಿನ.

ಮಗಳು ಒಂದು ವಿಷಯ ಹೇಳಿದಳು, ಅದನ್ನ ನಿಮಗೆ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆದೆ. ಪ್ರಾಣಿಗಳಿಗೆ ಹಿಂಸೆ ಕೊಡಬಾರದು ಅಂತ 1960ರಲ್ಲೇ ಕಾನೂನು ಆಗಿದೆಯಂತೆ. ಹೊಡೆಯೋದಷ್ಟೇ ಅಲ್ಲ, ತೀರಾ ಗಿಡ್ಡ ಸರಪಳಿಯಲ್ಲೋ, ತೀರಾ ಭಾರದ ಸರಪಳಿಯಲ್ಲೋ ಬಹಳ ಹೊತ್ತು ಕಟ್ಟಿಹಾಕೋದೂ ಅಪರಾಧ ಅಂತ ಅದರಲ್ಲಿ ಬರೆದಿದೆ. ಸದಾ ಕಟ್ಟೇ ಇಟ್ಟು, ನಾಯಿನ ಒಂದು ಸುತ್ತು ಓಡಾಡಿಸದೆ ಇರೋದೂ ಅಪರಾಧ. ಎರಡು ಮಾರಿನ ಸರಪಳಿ ನೋಡಿ ನಾನು ಎರಡು ವರ್ಷ "ನಮಗ್ಯಾಕೆ" ಅಂದಿದ್ದೆನಲ್ಲ, ಅದಕ್ಕೆ ಕಾನೂನಲ್ಲಿ ಒಂದು ಸಾಲೇ ಇತ್ತು! ದಂಡ ಎಷ್ಟು ಗೊತ್ತಾ, ಮೊದಲನೇ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅರ್ಧ ಡಜನ್ ಮೊಟ್ಟೆ ದುಡ್ಡು. ಯಾರು ಹೆದರ್ತಾರೆ? ಆದರೂ ಕಾನೂನು ಇದೆ ಅಂತ ಗೊತ್ತಿದ್ದಿದ್ರೆ ಅವತ್ತು ಆ ಮನುಷ್ಯ ನಕ್ಕಾಗ ನಾನು ತಲೆ ತಗ್ಗಿಸಿ ಬರ್ತಿರಲಿಲ್ಲ ಅನ್ಸುತ್ತೆ. ಗ್ಯಾರಂಟಿ ಇಲ್ಲ, ಅನ್ಸುತ್ತೆ.

ಯಾಕೆ ಈಗ ಹೇಳ್ತಿದೀನಿ ಅಂದ್ರೆ, ಆ ಶೆಡ್ಡಿನ ಪಕ್ಕದ್ದು ಮತ್ತೆ ಬಾಡಿಗೆಗೆ ಹೋಗಿದೆ. ಹೋದ ವಾರ ಅಲ್ಲಿ ಒಂದು ಕಪ್ಪು ಮರಿ ತಂದು ಕಟ್ಟಿದಾರೆ, ಮೂರು ತಿಂಗಳದ್ದು ಇರಬೇಕು. ಹಗ್ಗ ಒಂದೂವರೆ ಮಾರು. ಹೊಡೆಯೋದು ನಾನು ನೋಡಿಲ್ಲ, ಇಲ್ಲದ್ದು ಹೇಳಲ್ಲ. ಹುಡುಗರು ಒಳ್ಳೆಯೋರ ಹಂಗೇ ಕಾಣ್ತಾರೆ, ಗೊತ್ತಾಗದೆ ಕಟ್ಟಿರಬಹುದು. ರಾತ್ರಿ ಕೂಗ್ತಾ ಇರುತ್ತೆ. ಕೆಂಪಿ ಕಾಂಪೌಂಡ್ ಹತ್ರ ಹೋಗಿ ಕಿವಿ ನಿಗುರಿಸಿ ನಿಂತು ಕೇಳ್ತಾಳೆ, ಒಳಗೆ ಬಾ ಅಂದ್ರೂ ಬರಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಮಾತಾಡೋಣ ಅಂತಿದೀನಿ. ಹಗ್ಗ ಉದ್ದ ಮಾಡಿ, ಕತ್ತಿನ ಪಟ್ಟಿ ತಿಂಗಳಿಗೊಂದ್ಸಲ ಸಡಿಲ ಮಾಡಿ, ಇಂಜೆಕ್ಷನ್ ಹಾಕ್ಸಿ, ರಾತ್ರಿ ಬಿಚ್ಚಿಬಿಡಿ, ಇಷ್ಟೇ ಹೇಳೋದು. ಒಬ್ಬಳೇ ಹೋದ್ರೆ ಮತ್ತೆ ಯಾರಾದ್ರೂ ನಕ್ಕುಬಿಡ್ತಾರೇನೋ ಅಂತ ಅಳುಕು. ನಾಲ್ಕು ಜನ ಹೆಂಗಸರು ಒಟ್ಟಿಗೆ ಹೋದ್ರೆ ನಗಲ್ಲ. ಎದುರುಮನೆ ಅಕ್ಕ ಬರ್ತೀನಿ ಅಂದಿದಾರೆ. ಇನ್ನಿಬ್ಬರು ಬರ್ತೀರಾ?